ಐದನೆಯ ಕತ್ತರಿ

ಅದು ಶುರುವಾದದ್ದು ಸಾವಿರದ ಒಂಬೈನೂರಾ ಇಪ್ಪತ್ತೆಂಟರ ಭಾದ್ರಪದದಲ್ಲಿ, ಭೀಮಾ ದಂಡೆಯ ಮೇಲೆ, ಮುಂಜಾನೆಯ ಇಬ್ಬನಿ ಆರಿ ಕುರಿ ಮೇಯಲು ಏಳುವ ಹೊತ್ತಿಗೆ. ಮರೆಪ್ಪ ಮೂರು ದಿನದ ಜ್ವರ ಹೊತ್ತು ಕಂಬಳಿಯೊಳಗೆ ಮುದುರಿಕೊಂಡಿದ್ದ. ತಮ್ಮ ಧರೆಪ್ಪ ಪಕ್ಕದಲ್ಲಿ ಕುಂತು, ಬಟ್ಟೆಯ ತುದಿ ನೀರಿಗೆ ಅದ್ದಿ ಅಣ್ಣನ ತುಟಿಗೆ ಹಚ್ಚುತ್ತಿದ್ದ. ಅಕ್ಕಲಕೋಟೆ ಸೀಮೆಯ ಅವರ ಹಟ್ಟಿ ಅಲ್ಲಿಂದ ಎರಡು ದಿನದ ದಾರಿ. ಸುತ್ತ ಇದ್ದದ್ದು ಕುರಿ, ಎರಡು ನಾಯಿ, ತುಂಬಿದ ಹೊಳೆ.

“ಧರ್ಯಾ, ನನ್ನ ಕುರಿ ರೇವಿಗೆ ಮುಟ್ಟಸು,” ಅಂದ ಮರೆಪ್ಪ, ಹಟ್ಟಿಯಲ್ಲಿದ್ದ ಹೆಂಡತಿ ರೇವಮ್ಮನನ್ನು ನೆನೆದು. “ಆಕಿಗೆ ಬ್ಯಾರೆ ದಿಕ್ಕಿಲ್ಲ.”

“ಮುಟ್ಟಸ್ತೀನಿ. ನೀ ಸುಮ್ಮನ ಮಲಕೋ.”

“ಆ ಕರೀ ದೇವರ ಕುರಿ ಐತಲ್ಲ... ಅದಕ್ಕ ನಾ...” ಅನ್ನುವಷ್ಟರಲ್ಲಿ ಕೆಮ್ಮು ಒತ್ತಿ ಬಂತು. ಮಾತು ಅಲ್ಲಿಗೇ ನಿಂತಿತು. ಹೊತ್ತು ನೆತ್ತಿಗೆ ಬರುವುದರೊಳಗೆ ಉಸಿರೂ ನಿಂತಿತು.

ದಂಡೆಯ ಊರಿನಿಂದ ನಾಲ್ಕು ಮಂದಿಯನ್ನು ಕರೆತಂದು ಧರೆಪ್ಪ ಅಣ್ಣನನ್ನು ಮಣ್ಣು ಮಾಡಿದ. ಮಣ್ಣು ಮಾಡುವಾಗ ಅತ್ತ. ಆ ಅಳು ಖರೆ ಅಳುವೇ. ಮಂದಿ ಕೈಕಾಲು ತೊಳೆದುಕೊಂಡು ಹೋದ ಮೇಲೆ ಅವನೊಬ್ಬನೇ ಉಳಿದ. ಕಣ್ಣೊರೆಸಿಕೊಂಡು ತಲೆ ಎತ್ತಿದರೆ ಎದುರಿಗೆ ಅಣ್ಣನ ಇಪ್ಪತ್ತಾರು ಕುರಿ ಮೇಯುತ್ತಿದ್ದವು. ಕರೀ ಬೀಜದವು. ಎತ್ತರದ ಕಾಲು, ಅಗಲ ಎದೆ, ಕೈಯಿಟ್ಟರೆ ಮುಳುಗುವ ಉಣ್ಣೆ. ಅವುಗಳ ಪಕ್ಕದಲ್ಲಿ ಧರೆಪ್ಪನ ಮೂವತ್ತು ಕುರಿ ಕೆಂಪಗೆ, ಗಿಡ್ಡಗೆ, ಯಾರೋ ಬೇಡವೆಂದು ಬಿಟ್ಟುಹೋದಂತೆ ಕಾಣುತ್ತಿದ್ದವು.

ಆ ಕರೀ ಬೀಜ ಉಳಿದದ್ದು ಧರೆಪ್ಪನಿಂದ. ಹತ್ತು ವರ್ಷದ ಹಿಂದೆ ಊರೂರು ಬರಿದು ಮಾಡಿದ ದೊಡ್ಡ ಜ್ವರ ಬಂತಲ್ಲ, ಆಗ ಅಪ್ಪ ಮಲಗಿದ್ದ, ಅಣ್ಣ ಮಲಗಿದ್ದ. ಇಪ್ಪತ್ತರ ಹುಡುಗ ಧರೆಪ್ಪ ಒಬ್ಬನೇ ಕುರಿ ಕಾಯ್ದ. ಹಾಲು ಕುಡಿಯದ ಮರಿಗಳನ್ನು ಕಂಬಳಿಯೊಳಗೆ ಎದೆಗೆ ಅವುಚಿಕೊಂಡು ಹೊಳೆಯವರೆಗೆ ನಡೆದ. ಮುಂದೆ ವಾಟಣಿ ಆಗಿ ಕುರಿ ಹಂಚುವಾಗ ಅಪ್ಪ ಕರೀ ಕುರಿಗಳನ್ನೆಲ್ಲ ಹಿರಿಯನೆಂದು ಮರೆಪ್ಪನ ಕಡೆಗೆ ಹೊಡೆದ. “ಅವಾ ದೊಡ್ಡಾವಪಾ,” ಅಂದ, ಅಷ್ಟೇ. ಆ ಎರಡು ಮಾತು ಧರೆಪ್ಪನ ಗಂಟಲಲ್ಲಿ ಕಾರೆಮುಳ್ಳಿನ ಹಾಗೆ ಅವತ್ತಿನಿಂದ ನಿಂತಿತ್ತು.

ಅದೇ ಜ್ವರದಲ್ಲಿ ಅವ್ವನೂ ಮಲಗಿದ್ದಳು. ಧರೆಪ್ಪ ಬೀರಪ್ಪನ ಗುಡಿಗೆ ಓಡಿ ಹೊಸ್ತಿಲ ಮೇಲೆ ಬಿದ್ದಿದ್ದ. ಆಗಿನ ಪೂಜಾರಿಯ ಮೈಮೇಲೆ ಬಂದ ದೇವರು, “ಹೋಗು, ನಿಮ್ಮವ್ವನ್ನ ನಾ ಕಾಯತೀನಿ,” ಅಂತ ಹೇಳಿ ಕೈಗೆ ಭಂಡಾರ ಕೊಟ್ಟ. ಆ ಅರಿಷಿಣದ ಪುಡಿ ಅವ್ವನ ಹಣೆಯ ಮೇಲೆ ಇದ್ದ ಹಾಗೇ ಮೂರನೆಯ ದಿನ ಅವಳು ಹೋದಳು. ಅವತ್ತಿನಿಂದ ಧರೆಪ್ಪ ದೇವರಿಗೆ ಕೈ ಮುಗಿಯುವುದನ್ನು ಬಿಡಲಿಲ್ಲ, ನಂಬುವುದನ್ನು ಬಿಟ್ಟ. ಮಾತು ತಪ್ಪಿದವರು ಯಾರು ಮೊದಲು? ಬೀರಪ್ಪ. ಹಂಗಾದರೆ ತಾನು ತಪ್ಪಿದರೆ ಅದು ಎರಡನೆಯದು.

ಹೊಳೆಯ ದಂಡೆಯಲ್ಲಿ ಕುಂತು ಅವನು ಇದನ್ನೆಲ್ಲ ನಿಧಾನಕ್ಕೆ ನೆನೆದ. ಮರುದಿನ ಮಧ್ಯಾಹ್ನ ಕುರಿ ನೆರಳಿಗೆ ನಿಂತಾಗ ಉಪಾಯ ಕಾಲುಚಾಚಿಕೊಂಡು ಬಂದು ಪಕ್ಕದಲ್ಲಿ ಕುಂತಿತು.

ಕುರಿಗಾರರ ಆಸ್ತಿ ಕಿವಿಯಲ್ಲಿ ಇರುತ್ತದೆ. ಮನೆಗೊಂದು ಗುರುತು. ಮರೆಪ್ಪನ ಕುರಿಗಳ ಎಡಗಿವಿಯ ತುದಿ ಎರಡು ಸೀಳು. ಧರೆಪ್ಪನವಕ್ಕೆ ಬಲಗಿವಿಯ ಅಂಚಿನಲ್ಲಿ ಒಂದು ಕಚ್ಚು. ಬೇರೆ ಊರಿನಲ್ಲಿ ಕುರಿ ಸತ್ತರೆ ಕುರಿಗಾರ ಅದರ ಗುರುತಿನ ಕಿವಿ ಕೊಯ್ದು ತಂದು ಮನೆಯವರ ಮುಂದೆ ಇಡಬೇಕು. ಅದೇ ಸಾವಿನ ಸಾಕ್ಷಿ. ಇನ್ನೊಂದು ರೂಢಿಯೂ ಇತ್ತು. ಹಿಂಡಿಗೆ ರೋಗ ಬಿದ್ದರೆ ಉಳಿದವುಗಳ ಕಿವಿ ಕೊಯ್ದು ಕೆಟ್ಟ ರಕ್ತ ಬಿಡುತ್ತಿದ್ದರು. ಈ ಎರಡು ರೂಢಿಗಳನ್ನು ಧರೆಪ್ಪ ಎರಡು ಎಳೆಗಳ ಹಾಗೆ ಹೊಸೆದ.

ಅಣ್ಣನ ಇಪ್ಪತ್ತಾರು ಕುರಿಗಳ ಎಡಗಿವಿಯನ್ನು ಅರ್ಧಕ್ಕೆ ಕೊಯ್ದ. ಬಲಗಿವಿಯ ಅಂಚಿಗೆ ತನ್ನ ಕಚ್ಚು ಹಾಕಿದ. ಗಾಯಕ್ಕೆ ಬೂದಿ, ಔಡಲೆಣ್ಣೆ ಹಚ್ಚಿದ. ಕೊಯ್ದ ತುದಿಗಳನ್ನು, ಸೀಳು ಕಾಣುವ ಹಾಗೆ, ದಾರಕ್ಕೆ ಪೋಣಿಸಿ ಬಿಸಿಲಿಗೆ ಒಣಹಾಕಿದ. ಒಂದೇ ಕತ್ತರಿಸುವಿಕೆಯಲ್ಲಿ ಅಣ್ಣನ ಕುರಿಗಳು ಸತ್ತೂ ಹೋದವು, ತನ್ನವಾಗಿ ಬದುಕಿಯೂ ಉಳಿದವು. ಇನ್ನು ಎಣಿಕೆ ಹೊಂದಬೇಕು. ತನ್ನ ಕೆಂಪು ಕುರಿಗಳಲ್ಲಿ ಇಪ್ಪತ್ತಾರನ್ನು ಸೋಲಾಪುರದ ಬಜಾರಕ್ಕೆ ಹೊಡೆದುಕೊಂಡು ಹೋಗಿ ಕಸಾಯಿಗಳಿಗೆ ಮಾರಿದ. ಅಲ್ಲಿ ಗಿರಣಿಯ ಭೋಂಗಾ ಕೂಗಿಗೆ ಎದ್ದು ಮಲಗುವ ಮಂದಿ. ಯಾರ ಕುರಿ, ಯಾವ ಹಟ್ಟಿ ಎಂದು ಕೇಳುವವರಿಲ್ಲ. ಹಟ್ಟಿಯಿಂದ ಹೊರಟಾಗ ಧರೆಪ್ಪನ ಕುರಿ ಮೂವತ್ತು. ತಿರುಗಿ ಬರುವಾಗಲೂ ಮೂವತ್ತು. ಬಣ್ಣ ಬದಲಾದದ್ದು ಯಾಕೆಂದು ಕೇಳಿದರೆ, ಕೆಂಪು ಮಾರಿ ಬಜಾರದಲ್ಲೇ ಕರೀ ಬೀಜ ಕೊಂಡೆ ಅಂದರಾಯಿತು.

ಉಳಿದದ್ದು ದೇವರ ಕುರಿ ಒಂದು. ಮರೆಪ್ಪ ಮದುವೆಯಾದ ವರ್ಷ ಬೀರಪ್ಪನಿಗೆಂದು ಬಿಟ್ಟ ಕರೀ ಹೆಣ್ಣುಮರಿ, ಈಗ ಐದು ವರ್ಷದ್ದು. ದೇವರಿಗೆ ಬಿಟ್ಟ ಕುರಿಯ ಕಿವಿಗೆ ಗುರುತು ಹಾಕುವುದಿಲ್ಲ, ಹಿಂಡಿನ ಎಣಿಕೆಗೂ ಅದನ್ನು ಸೇರಿಸುವುದಿಲ್ಲ. ಅದರ ಉಣ್ಣೆಗೆ ಕತ್ತರಿ ಮುಟ್ಟಿಸುವುದಿಲ್ಲ. ಹರಕೆ ಹೊತ್ತವನ ಹೊರತು ಯಾರೂ ಅದರ ಮೈ ಕೆದಕುವುದಿಲ್ಲ. ಐದು ವರ್ಷದ ಉಣ್ಣೆ ಜಡೆಗಟ್ಟಿ ಕೊರಳಿಂದ ಮೊಣಕಾಲಿನವರೆಗೆ ಜೋತುಬಿದ್ದಿತ್ತು. ಅದನ್ನು ಮಾರಲು ಆಗುವುದಿಲ್ಲ, ಜಡೆ ಕಂಡರೆ ಕಸಾಯಿ ಕೂಡ ಹಿಂದೆ ಸರಿಯುತ್ತಾನೆ. ಬಿಟ್ಟು ಬರಲೂ ಆಗುವುದಿಲ್ಲ. ಅದು ಮುಂದೆ ನಡೆದರೇನೇ ಅಣ್ಣನ ಕುರಿ ಹಿಂದೆ ನಡೆಯುತ್ತಿದ್ದವು. ಧರೆಪ್ಪ ಅರ್ಧ ದಿನ ಯೋಚಿಸಿದ. ಆಮೇಲೆ ಅವನಿಗೇ ನಗು ಬಂತು. ಎಲ್ಲಕ್ಕಿಂತ ಭದ್ರವಾದದ್ದು ಇದೇ ಅಲ್ಲವೇ? ಕಿವಿಯಲ್ಲಿ ಗುರುತಿಲ್ಲ. ಅಣ್ಣನದೆಂದು ಯಾರು ಹೇಳಬೇಕು? ಅಣ್ಣನ ದೇವರ ಕುರಿ ಸತ್ತಿತು, ಗುರುತಿಲ್ಲದ್ದಕ್ಕೆ ಕಿವಿ ತರಲಿಲ್ಲ. ಇದು ತನ್ನದು, ಐದು ವರ್ಷದ ಹಿಂದೆ ಹೆಂಡತಿಯ ಜ್ವರ ಇಳಿಯಲೆಂದು ತಾನು ಬಿಟ್ಟದ್ದು.

ಗಾಯ ಮಾಯುವವರೆಗೆ ದಂಡೆಯಲ್ಲೇ ಇದ್ದು, ಕಾರ್ತಿಕದ ಮೊದಲಲ್ಲಿ ಹಟ್ಟಿಗೆ ಬಂದ. ಒಣಗಿದ ಕಿವಿಗಳ ಸರ ರೇವಮ್ಮನ ಮುಂದೆ ಇಟ್ಟು, “ವೈನಿ, ಅಣ್ಣನೂ ಹ್ವಾದ, ರೋಗ ಬಿದ್ದು ಕುರಿನೂ ಹ್ವಾದವು,” ಅಂದ.

ರೇವಮ್ಮ ಮುಖ ಮುಚ್ಚಿಕೊಂಡು ಗೋಡೆಗೆ ಒರಗಿದಳು. ಹಟ್ಟಿಯ ಹೆಂಗಸರು ಬಂದು ಕೂತರು; ಅಳುವವರ ನಡುವೆಯೂ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹಳೆಯದನ್ನು ತೆಗೆದಳು. ಈ ಹಟ್ಟಿಯವರದು ಉಣ್ಣೆ ಕಂಕಣ, ಮದುವೆಯಲ್ಲಿ ಕೈಗೆ ಉಣ್ಣೆಯ ದಾರ ಕಟ್ಟುವ ಕುಲ. ರೇವಮ್ಮ ಬಂದದ್ದು ಹುಲಜಂತಿ ಕಡೆಯ ಹತ್ತಿ ಕಂಕಣದ ಮನೆಯಿಂದ. ಅಂಥ ಸೊಸೆ ಈ ಹಟ್ಟಿಗೆ ಬಂದವಳು ಅವಳೊಬ್ಬಳೇ. ಮದುವೆ ಮುಗಿದು ಕಂಕಣ ಬಾವಿಗೆ ಬಿಡುವ ಹೊತ್ತಿಗೆ ಅವಳ ಕಂಕಣ ಎಲ್ಲಿ ಹೋಯಿತೋ ಸಿಗಲೇ ಇಲ್ಲ. ಮರೆಪ್ಪ ನಕ್ಕು ಸುಮ್ಮನಿದ್ದ. ಹೆಂಗಸರು ಮರೆತಿರಲಿಲ್ಲ. “ಅವತ್ತೇ ಅಂದಿದ್ದೆ, ಹತ್ತಿ ಕಂಕಣದಾಕಿ ಕೈಗುಣ ನೆಟ್ಟಗಿಲ್ಲ ಅಂತ,” ಅಂದರು. ಧರೆಪ್ಪನಿಗೆ ಅದೂ ಅನುಕೂಲವೇ ಆಯಿತು. ಮಂದಿ ತಪ್ಪು ಹುಡುಕಲು ಬೇರೆ ಕಡೆ ನೋಡುತ್ತಿದ್ದರು.

ಅವನ ಹೆಂಡತಿ ಹಣಮವ್ವ ಮಾತ್ರ ಕುರಿಗಳ ನಡುವೆ ಒಂದು ಸುತ್ತು ಹಾಕಿ ಬಂದು ಒಲೆಯ ಮುಂದೆ ಕುಂತಳು. ಅವಳಿಗೆ ಕುರಿಗಳ ಮುಖ ಗೊತ್ತಿತ್ತು. ಒಂದೊಂದಕ್ಕೂ ಹೆಸರಿಟ್ಟು ಕರೆಯುವವಳು.

“ನನಗ ಯಾವಾಗ ಜ್ವರ ಬಂದಿತ್ತರಿ?” ಅಂತ ಕೇಳಿದಳು.

“ಬಂದಿತ್ತು ಅಂದರ ಬಂದಿತ್ತು.”

“ನಾ ಮಲಗಿದ್ದು ನನಗ ನೆನಪಿಲ್ಲ.”

“ಜ್ವರದಾಗ ಯಾರಿಗೆ ನೆನಪಿರತೈತಿ? ರೊಟ್ಟಿ ಬಡಿ.”

ಅವಳು ರೊಟ್ಟಿ ಬಡಿದಳು. ಆಮೇಲೆ ಎರಡು ವರ್ಷ ಆ ಮಾತು ಎತ್ತಲಿಲ್ಲ.

ಆದರೆ ಎಂಟು ದಿನಕ್ಕೆ ಒಂದು ಸಣ್ಣ ಘಟನೆ ನಡೆಯಿತು. ರೇವಮ್ಮ ಬಾವಿಗೆ ಹೋಗುವಾಗ ಆ ಕರೀ ಕುರಿ ಹಿಂಡು ಬಿಟ್ಟು ಬಂದು ಅವಳ ಸೀರೆಯ ಸೆರಗಿಗೆ ಮೂತಿ ಉಜ್ಜಿತು. ಬೇಸಿಗೆಯಲ್ಲಿ ಹಿಂಡು ಹಟ್ಟಿಗೆ ಬಂದಾಗಲೆಲ್ಲ ಅವಳು ಅದಕ್ಕೆ ತಂಗಳ ರೊಟ್ಟಿ ಹಾಕುತ್ತಿದ್ದಳು. ಕೊಡ ಕೆಳಗಿಟ್ಟು ಅವಳು ಅದರ ಮುಖ ನೋಡಿದಳು. ನೇರ ಹೋಗಿ ಪಂಚರ ಹಿರಿಯ ನಾಗಣ್ಣನ ಮುಂದೆ ನಿಂತಳು. “ಸತ್ತ ಕುರಿ ಹೆಂಗ ನನ್ನ ಸೆರಗ ಹಿಡೀತು, ಕೇಳ್ರಿ,” ಅಂದಳು.

ಪಂಚರು ಕೂತರು. ಧರೆಪ್ಪನಿಗೆ ಹೆದರಿಕೆ ಆಗಲಿಲ್ಲ. “ರೊಟ್ಟಿ ವಾಸನಿಗೆ ನಾಯಿನೂ ಸೆರಗ ಹಿಡೀತೈತಿ. ನಾಯಿನೂ ಆಕೀದಾ?” ಅಂದ. ಮಂದಿ ನಕ್ಕರು. ಕುರಿಯ ಸಾಕ್ಷಿ ಪಂಚರು ಹೇಗೆ ಒಪ್ಪಬೇಕು? ಕಿವಿಯ ಸಾಕ್ಷಿ ಕಣ್ಣ ಮುಂದೆ ಇತ್ತು. ಕೊನೆಗೆ ನಾಗಣ್ಣ, “ಆಣಿ ಆಗಲಿ,” ಅಂದ.

ಅದನ್ನೇ ಧರೆಪ್ಪ ಕಾಯುತ್ತಿದ್ದ. ಆಣೆ ಮಾಡುವವನು ದೇವರಿಗೆ ಹೆದರುವವನಾದರೆ ಅದು ಉರುಳು. ಹೆದರದವನಿಗೆ ಅದು ಬಾಗಿಲು. ಗುಡಿಯ ಮುಂದೆ ಕೆಳಗೆ ಕಂಬಳಿ ಹಾಸಿದರು. ಪೂಜಾರಿ ಮಲಕಾಜಪ್ಪ ಭಂಡಾರ ತಂದ. ಯಾವುದರ ಮೇಲೆ ಕೈಯಿಡುತ್ತೀ ಎಂದು ಕೇಳಿದಾಗ, ಧರೆಪ್ಪ ತಾನಾಗಿಯೇ ಆ ಕರೀ ದೇವರ ಕುರಿಯನ್ನು ಎಳೆದುಕೊಂಡು ಬಂದ. ಅದರ ಕೊರಳ ಜಡೆಯಲ್ಲಿ ಬಲಗೈ ಊರಿ, ಎಡಗೈಯಲ್ಲಿ ಭಂಡಾರ ಹಿಡಿದು, “ನನ್ನ ಅಣ್ಣನ ಕುರಿ ಒಂದೂ ನನ್ನ ಹಂತೇಕ ಇಲ್ಲ. ಇದು ನನ್ನ ಹರಕಿ ಕುರಿ. ಸುಳ್ಳಾದರ ಬೀರಪ್ಪ ನೋಡಕೊಳ್ಳಲಿ,” ಅಂದ. ಗುಂಪಿನಲ್ಲಿ ಯಾರೋ ಉಸಿರು ಎಳೆದುಕೊಂಡದ್ದು ಅವನಿಗೆ ಕೇಳಿಸಿತು, ಹಿತವಾಯಿತು.

ಮಲಕಾಜಪ್ಪನ ಮೈ ಅಲುಗಿತು. ಕಣ್ಣು ಮೇಲೆ ಹೋಯಿತು. “ಐದನೇ ಕತ್ತರಿ ಕೆಳಗ ಇಡೂದರೊಳಗ ನನ್ನ ಮಾತು ನಾ ಹೇಳತೀನಿ,” ಎಂದು ನುಡಿ ಬಂತು.

ಅಲ್ಲಿ ಕಾಲ ಎಣಿಸುವುದೇ ಹಾಗೆ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಮಾರ್ಗಶಿರದ ಛಟ್ಟಿಯ ಹೊತ್ತಿಗೆ ಒಂದು, ಕಾರ ಹುಣ್ಣಿಮೆಯ ಹೊತ್ತಿಗೆ ಒಂದು. ಐದು ಕತ್ತರಿ ಅಂದರೆ ಎರಡು ವರ್ಷ. ಪಂಚರು ಮುದ್ದತ್ತು ಕಟ್ಟಿದರು. ಅಷ್ಟರೊಳಗೆ ದೇವರು ಧರೆಪ್ಪನನ್ನು ಸುಳ್ಳುಗಾರನೆಂದು ತೋರಿಸಿದರೆ ಅವನು ಕುರಿ ಬಿಟ್ಟು ಹಟ್ಟಿಯಿಂದ ಹೋಗಬೇಕು. ತೋರಿಸದಿದ್ದರೆ, ಮೈದುನನ ಮೇಲೆ ಅಪವಾದ ಹೊರಿಸಿದ್ದಕ್ಕೆ ರೇವಮ್ಮ ಉಟ್ಟ ಸೀರೆಯ ಮೇಲೆ ಹೋಗಬೇಕು. ಇನ್ನೊಂದು ಮಾತನ್ನು ಮಲಕಾಜಪ್ಪ ಮೈ ಇಳಿದ ಮೇಲೆ ತಾನೇ ಸೇರಿಸಿದ: “ಕತ್ತರಿಗೆ ಒಮ್ಮೆ ನಾ ಬಂದು ಕೇಳತೀನಿ, ಏನರ ಹೇಳೂದೈತೇನು ಅಂತ. ಖರೇ ಹೇಳಿದರ ಕುರಿ ತಿರುಗಿಸಿ ಕೊಟ್ಟು, ಭಂಡಾರ ಹಚಗೊಂಡು ನಮ್ಮಾಗ ಇರಬಹುದು. ಐದು ಸಲ ಕೇಳತೀನಿ.”

“ಐವತ್ತು ಸಲ ಕೇಳು,” ಅಂದ ಧರೆಪ್ಪ.

ಮೊದಲ ಕತ್ತರಿ ಬಂತು. ಹೊರಗೆ ತೋರಿಸದಿದ್ದರೂ ಆ ತಿಂಗಳು ಧರೆಪ್ಪ ಹುಲ್ಲಿನಲ್ಲಿ ಹೆಜ್ಜೆ ನೋಡಿ ಇಟ್ಟ. ಬಾವಿಗೆ ಬಗ್ಗುವಾಗ ಕಲ್ಲು ಹಿಡಿದು ಬಗ್ಗಿದ. ಏನೂ ಆಗಲಿಲ್ಲ. ಉಣ್ಣೆ ಕೈತುಂಬ ಬಂತು. ಮಲಕಾಜಪ್ಪ ಕೋಲೂರಿಕೊಂಡು ಬಂದು, “ಏನರ ಹೇಳೂದೈತೇನಪಾ?” ಅಂದ. “ಇಲ್ಲ,” ಅಂದ ಧರೆಪ್ಪ. ಮುದುಕ ತಲೆಯಾಡಿಸಿ ಹೋದ.

ಎರಡನೆಯ ಕತ್ತರಿಗೆ ಮುಂಚೆ, ರೋಹಿಣಿ ಮಳೆಯಲ್ಲಿ, ಅವನ ದೊಡ್ಡಿಯ ಪಕ್ಕದ ಬೇವಿನ ಮರಕ್ಕೆ ಹಗಲಿನಲ್ಲೇ ಸಿಡಿಲು ಬಡಿಯಿತು. ಹಟ್ಟಿಗೆ ಹಟ್ಟಿಯೇ ಓಡಿ ಬಂತು. ಎಲ್ಲರ ಮುಖದಲ್ಲೂ ಒಂದೇ ಬರಹ. ಮರ ಸೀಳಿ ನಿಂತಿತ್ತು. ಕೆಳಗಿನ ಕುರಿ ಒಂದೂ ಸತ್ತಿರಲಿಲ್ಲ. ಧರೆಪ್ಪ ಹೊಗೆಯಾಡುವ ಮರಕ್ಕೆ ಬೆನ್ನು ಹಚ್ಚಿ ನಿಂತು, “ಗುರಿ ತಪ್ಪಿತು ನೋಡ್ರಿ ನಿಮ್ಮ ಬೀರಪ್ಪಂದು,” ಅಂದ. ಅವತ್ತಿನಿಂದ ಅವನು ಬಾವಿಯ ಕಲ್ಲು ಹಿಡಿಯುವುದನ್ನು ಬಿಟ್ಟ.

ಮೂರನೆಯ ಕತ್ತರಿಯ ಹೊತ್ತಿಗೆ ಕರೀ ಕುರಿಗಳು ಅವಳಿ ಮರಿ ಹಾಕಿದ್ದವು. ದೊಡ್ಡಿ ಅಗಲ ಮಾಡಬೇಕಾಯಿತು. ವಳಸಂಗದ ಒಕ್ಕಲಿಗರು ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಲು ಇವನನ್ನೇ ಹುಡುಕಿಕೊಂಡು ಬರತೊಡಗಿದರು. ರೇವಮ್ಮ ಗುಡಿಯ ಹಿಂದಿನ ತಡಿಕೆಯಲ್ಲಿ ಇದ್ದುಕೊಂಡು, ಹಟ್ಟಿಯವರ ಉಣ್ಣೆ ನೂತು ಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ಅವಳ ಕೈಯ ಕದಿರು ತಿರುಗುವುದು ಗುಡಿಯ ಮುಂದೆ ಹಾಯುವಾಗಲೆಲ್ಲ ಕಾಣುತ್ತಿತ್ತು. ಅವಳು ಬೈಯುತ್ತಿರಲಿಲ್ಲ, ಶಪಿಸುತ್ತಿರಲಿಲ್ಲ. ಅದು ಅವನಿಗೆ ಸೈರಣೆ ತಪ್ಪಿಸುತ್ತಿತ್ತು. ಒಮ್ಮೆ ನಿಂತು ಕೇಳಿದ:

“ಯಾರ ದಾರಿ ಕಾಯತಿ ವೈನಿ?”

“ಮಾತು ಕೊಟ್ಟಾನಲ್ಲ, ಅವಂದು.”

“ನಮ್ಮವ್ವಗೂ ಕೊಟ್ಟಿದ್ದ.”

ಅವಳು ಕದಿರು ನಿಲ್ಲಿಸಿ ಅವನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. “ಅದು ನಿನಗ ಇನ್ನಾ ನೋಯ್ತೈತೇನು?” ಅಂದಳು. ಧರೆಪ್ಪ ನಡೆದುಬಿಟ್ಟ. ಎರಡು ವರ್ಷದಲ್ಲಿ ಅವನಿಗೆ ಎದೆ ಅಳುಕಿದ್ದು ಅದೊಂದೇ ಸಲ. ಅವತ್ತು ಸಂಜೆ ಮುದುಕ ಬಂದು ಕೇಳಿದಾಗ ಒಂದು ಗಳಿಗೆ ನಾಲಿಗೆ ತುದಿಗೆ ಏನೋ ಬಂದು ಕೂತಿತು. ಕಣ್ಣು ದೊಡ್ಡಿಯ ಕಡೆ ಹೋಯಿತು. ಎತ್ತರದ ಕರೀ ಕುರಿ, ಅವಳಿ ಮರಿ. “ಇಲ್ಲ,” ಅಂದ, ಹಿಂದಿಗಿಂತ ಗಟ್ಟಿಯಾಗಿ.

ನಾಲ್ಕನೆಯದು ಸೋಲಾಪುರದಲ್ಲಿ ಮಾರ್ಶಲ್ ಲಾ ಬಂದ ವರ್ಷ. ನಾಕಾದ ಮೇಲೆ ಬಿಳಿ ಸೋಜರರು ನಿಂತು ಪಾಸು ಕೇಳುತ್ತಿದ್ದರು, ಪೇಟೆಗೆ ಹೋಗಲು ಮಂದಿ ಹೆದರುತ್ತಿದ್ದರು. ಹಟ್ಟಿಯವರ ಉಣ್ಣೆ ಮನೆಯಲ್ಲೇ ಹುಳ ಹಿಡಿಯಿತು. ಧರೆಪ್ಪ ಹಿಂದಿನ ಕತ್ತರಿಯಿಂದ ಕೂಡಿಟ್ಟ ಉಣ್ಣೆ ಮಾತ್ರ ಗಲಾಟೆಗೆ ನಾಲ್ಕು ದಿನ ಮೊದಲೇ ಹೋಗಿ ಮುಟ್ಟಿತ್ತು. ದೇವರು ಸುಮ್ಮನಿದ್ದಾನೆ ಅನ್ನುವುದಷ್ಟೇ ಅಲ್ಲ, ತನ್ನ ಕಡೆ ಆಗಿದ್ದಾನೆ ಅನ್ನಿಸಿತು ಅವನಿಗೆ. ಮಲಕಾಜಪ್ಪ ಬಂದು ಎಂದಿನ ಮಾತು ಕೇಳಿದಾಗ ನಾಲ್ಕು ಮಂದಿಯ ಎದುರಿಗೆ ಅಂದ:

“ನಿಮ್ಮ ಬೀರಪ್ಪಗ ಬರಾಕ ಪಾಸ ಸಿಗಲಿಲ್ಲೇನು ಪೂಜಾರಿ? ನಾಕಾ ಮ್ಯಾಲ ಗೋರಾ ಸೋಜರ ತಡದಾರೇನು?”

ಮಂದಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಮುದುಕನೇ ನಕ್ಕ. “ಅವಾ ಕುರಿ ಕಾಯೂ ದೇವರಪಾ,” ಅಂದ. “ಹಿಂದ ಉಳಿದದ್ದು ಬರಲಿ ಅಂತ ನಿಂತಿರತಾನ. ನಿಂತಾನ ಅಂದರ ದಾರಿ ತಪ್ಪ್ಯಾನ ಅಂತ ಅಲ್ಲ.”

ಆ ಮಾತು ಧರೆಪ್ಪನ ತಲೆಯಲ್ಲಿ ಬೇರೆ ಬೀಜ ಬಿತ್ತಿತು. ಸುಮ್ಮನೆ ಗೆದ್ದರೆ ಸಾಲದು. ಸುಮ್ಮನೆ ಮುದ್ದತ್ತು ಮುಗಿದರೆ ಈ ಮುದುಕ, ದೇವರು ಇನ್ನೂ ದಾರಿಯಲ್ಲಿದ್ದಾನೆ ಅಂತಲೇ ಹೇಳಿಕೊಂಡು ತಿರುಗುತ್ತಾನೆ. ಮಂದಿ ಇವನನ್ನು ಅನುಮಾನದ ಕಣ್ಣಿನಿಂದಲೇ ನೋಡುತ್ತಾರೆ. ಬೀರಪ್ಪ ಬರಲಿಲ್ಲ ಅನ್ನುವುದನ್ನು ಮಂದಿಯ ಕಣ್ಣಿಗೆ ಕಾಣುವಂತೆ ಮಾಡಬೇಕು. ಒಮ್ಮೆ, ಎಲ್ಲರ ಎದುರಿಗೆ. ಏನು ಮಾಡಬೇಕೆಂದು ಅವನು ಆರು ತಿಂಗಳು ಯೋಚಿಸಿದ. ಹೆಂಡತಿಗೂ ಹೇಳಲಿಲ್ಲ.

ಐದನೆಯ ಕತ್ತರಿ ಛಟ್ಟಿ ಕಳೆದ ಆಯಿತವಾರ ಮುಗಿಯುವುದೆಂದು ಗೊತ್ತಾಯಿತು. ಬೀರಪ್ಪನ ವಾರವೇ ಅದು. ಹೊತ್ತು ಏರುವ ಹೊತ್ತಿಗೆ ಧರೆಪ್ಪನ ದೊಡ್ಡಿಯ ಮುಂದೆ ಪಂಚರು ಕಂಬಳಿ ಹಾಸಿ ಕೂತಿದ್ದರು. ನಾಗಣ್ಣ ನಡುವೆ, ಮಲಕಾಜಪ್ಪ ಬದಿಗೆ, ಮೊಣಕಾಲಿನ ಮೇಲೆ ಭಂಡಾರದ ಚೀಲ. ರೇವಮ್ಮ ದೂರದಲ್ಲಿ, ಸೀಳಿದ ಬೇವಿನ ಬುಡದಲ್ಲಿ ನಿಂತಿದ್ದಳು. ಕೈಯಲ್ಲಿ ಗಂಟಿರಲಿಲ್ಲ, ಉಟ್ಟ ಸೀರೆಯ ಮೇಲೆ ಹೋಗಬೇಕೆಂಬ ಮಾತಿತ್ತಲ್ಲ, ಕದಿರನ್ನೂ ಗುಡಿಯಲ್ಲಿಟ್ಟು ಬಂದಿದ್ದಳು. ಧರೆಪ್ಪ ಕುರಿಗಳನ್ನು ಒಂದೊಂದಾಗಿ ಕೆಡವಿ ಕತ್ತರಿಸಿದ. ಆಳು ಇಟ್ಟುಕೊಳ್ಳಲಿಲ್ಲ. ಕೊನೆಯ ಕುರಿ ಎದ್ದು ಮೈ ಕೊಡವಿಕೊಂಡು ಹೋಯಿತು. ನೆರಳು ಕಾಲಡಿಗೆ ಬಂದಿತ್ತು.

ಮಲಕಾಜಪ್ಪ ಎದ್ದು ಬಂದ. ಈ ಸಲ ದನಿ ಮೆತ್ತಗಿತ್ತು, ಮಗನನ್ನು ಕೇಳುವ ಹಾಗೆ. “ಧರೆಪ್ಪಾ, ಇದು ಐದನೇದು. ಏನರ ಹೇಳೂದೈತೇನು?”

“ಐತಿ,” ಅಂದ ಧರೆಪ್ಪ.

ಹಣಮವ್ವ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದಳು. ಮಂದಿ ಮುಂದೆ ಬಾಗಿದರು.

“ಎರಡು ವರ್ಷ ಆತು. ಸಿಡಿಲು ಬತ್ತು, ನನ್ನ ಸುಡಲಿಲ್ಲ. ಗಲಾಟಿ ಬತ್ತು, ನನ್ನ ಉಣ್ಣಿಗೆ ಹುಳ ಹತ್ತಲಿಲ್ಲ. ನಾಕು ಸಲ ಈ ಮುದುಕ ಬಂದ, ಇವನ ದೇವರು ಒಮ್ಮೆನೂ ಬರಲಿಲ್ಲ. ನಮ್ಮವ್ವ ಸಾಯೂವಾಗ ಬರಲಿಲ್ಲ, ಇವತ್ತೂ ಬರಲಿಲ್ಲ. ಕತ್ತರಿ ಇನ್ನಾ ನನ್ನ ಕೈಯಾಗೈತಿ ನೋಡ್ರಿ, ಕೆಳಗ ಇಟ್ಟಿಲ್ಲ. ಕರೀರಿ ಅವನ್ನ. ಕರೀರಿ!” ಅವನು ಸುತ್ತ ನೋಡಿದ. “ಬರದಾಂವ ದೇವರಲ್ಲ. ದೇವರಲ್ಲದಾಂವಗ ಕುರಿ ಯಾಕ ಬಿಡಬೇಕು? ಇವತ್ತ ಅವನ ಕುರಿಗೂ ನನ್ನ ಕತ್ತರಿ. ಇದರ ಉಣ್ಣಿ ಕಂಬಳಿ ನೇಯಿಸಿ ಅದರ ಮ್ಯಾಲ ಕುಂಡರತೀನಿ. ಆಮ್ಯಾಲ ವೈನಿ ಹೋಗಲಿ.”

“ಬ್ಯಾಡೋ ಧರ್ಯಾ,” ಅಂದ ನಾಗಣ್ಣ. “ಗೆದ್ದೀದಿ, ಸಾಕು ಮಾಡು.”

“ಹರಕಿ ನಂದು, ಕುರಿ ನಂದು. ಹರಕಿ ಹೊತ್ತಾಂವ ಮುಟ್ಟಬಹುದು ಅಂತ ನಿಮ್ಮದೇ ರೂಢಿ.” ಈ ಮಾತನ್ನು ಅವನು ಆ ಆರು ತಿಂಗಳಲ್ಲಿ ಸಿದ್ಧ ಮಾಡಿಟ್ಟಿದ್ದ.

ಕುರಿಯನ್ನು ಎಳೆದು ತಂದು ಪಂಚರ ಕಂಬಳಿಯ ಅಂಚಿಗೇ ಕೆಡವಿದ. ಏಳು ವರ್ಷದ ಜಡೆ. ಅದು ಒದ್ದಾಡಲಿಲ್ಲ, ಕೊರಳು ಚಾಚಿ ಮಲಗಿತು. ಎರಡು ವರ್ಷದ ಹಿಂದೆ ಕೈಯೂರಿ ಆಣೆ ಮಾಡಿದ ಜಾಗಕ್ಕೇ ಕತ್ತರಿಯ ಬಾಯಿ ಇಟ್ಟು ಒತ್ತಿದ. ಕರೀ ಉಣ್ಣೆ ಸಿಪ್ಪೆಯ ಹಾಗೆ ಮಗುಚಿ ಬಿತ್ತು. ಮಂದಿ ಒಂದೇ ಉಸಿರಿನಲ್ಲಿ ನೋಡುತ್ತಿದ್ದರು. ಧರೆಪ್ಪನಿಗೆ ಎದೆ ಹಗುರವಾಯಿತು. ಎರಡನೆಯ ಸಲ ಒತ್ತಿದ, ಮೂರನೆಯ ಸಲ ಒತ್ತಿದ.

ಮೂರನೆಯ ಸಲಕ್ಕೆ ಕತ್ತರಿ ಕಚ್ಚಿಕೊಂಡಿತು. ಉಣ್ಣೆಗೆ ಅಲ್ಲ, ಕಬ್ಬಿಣಕ್ಕೆ. ಸದ್ದು ಎಲ್ಲರಿಗೂ ಕೇಳಿಸಿತು. ಧರೆಪ್ಪ ಜಗ್ಗಿದ, ಬರಲಿಲ್ಲ. ಮಲಕಾಜಪ್ಪ ಮೊಣಕಾಲೂರಿ ಜಡೆ ಬಿಡಿಸಿದ. ಕೊರಳ ಸುತ್ತ, ಜಡೆಯ ಬುಡದಲ್ಲಿ, ಸಡಿಲಾಗಿ ಎರಡು ಸುತ್ತು ಬಂದ ಒಂದು ದಾರ. ದಾರದಲ್ಲಿ ಒಣಗಿದ ಅರಿಷಿಣ ಕೊಂಬು, ಒಂದು ಕಬ್ಬಿಣದ ಉಂಗುರ. ಉಣ್ಣೆಯ ಜಿಡ್ಡು ಕುಡಿದು ದಾರ ಕೆಡದೆ ಉಳಿದಿತ್ತು. ಮುದುಕ ಅದನ್ನು ಬೆರಳಲ್ಲಿ ಉಜ್ಜಿ ನಾಗಣ್ಣನ ಕಡೆ ಹಿಡಿದ. ಉಣ್ಣೆಯ ದಾರ ಅಲ್ಲ ಅದು. ಹತ್ತಿಯದು. ಮದುವೆಯ ದಿನ ಬಾವಿಗೆ ಬೀಳದೆ ಕಾಣೆಯಾದ ಕಂಕಣ. ಮರೆಪ್ಪ ನಕ್ಕು ಸುಮ್ಮನಾದದ್ದು ಯಾಕೆಂದು ಹೆಂಗಸರಿಗೆಲ್ಲ ಒಂದೇ ಸಲ ತಿಳಿಯಿತು. ಬೇವಿನ ಬುಡದಿಂದ ರೇವಮ್ಮ ಬಂದು, ಬರಿಯ ಮಣಿಕಟ್ಟನ್ನು ಮುಂದೆ ಮಾಡಿ ನಿಂತಳು. “ಐದನೇ ಕತ್ತರಿ ಇನ್ನಾ ಕೆಳಗ ಇಟ್ಟಿಲ್ಲ,” ಅಂದ ಮಲಕಾಜಪ್ಪ, ಅಷ್ಟೇ ಮೆತ್ತಗೆ. ಧರೆಪ್ಪ ಕೈಯಲ್ಲಿದ್ದ ಕತ್ತರಿ ನೋಡಿಕೊಂಡ. ತಾನೇ ಹೊತ್ತು ತಂದು ಸಾಕಿದ ಸಾಕ್ಷಿ, ತಾನೇ ಕೈಯಿಟ್ಟ ಕೊರಳು, ತಾನೇ ಒತ್ತಿದ ಕತ್ತರಿ. ದಂಡೆಯಲ್ಲಿ ಅಣ್ಣ ಮುಗಿಸದೆ ಬಿಟ್ಟ ಮಾತು ಈಗ ಮುಗಿದಿತ್ತು. ಹಣಮವ್ವ ಬಾಗಿಲಿಂದ ಇಳಿದು ಕುರಿಗಳ ನಡುವೆ ನಡೆದು, ಮರೆಪ್ಪನವನ್ನು ಒಂದೊಂದಾಗಿ ಹಳೆಯ ಹೆಸರಿನಿಂದಲೇ ಕರೆದು ರೇವಮ್ಮನ ಕಡೆಗೆ ದಾಟಿಸತೊಡಗಿದಳು. ಮರುದಿನ ಸೋಮವಾರ, ಕುರಿ ಮೇಯಲು ಏಳುವ ಹೊತ್ತಿಗೆ, ಹೆಗಲ ಮೇಲೊಂದು ಕಂಬಳಿ ಹಾಕಿಕೊಂಡು ಧರೆಪ್ಪ ಹಟ್ಟಿ ಬಿಟ್ಟು ಹೋದ.